ನೀರು ಕುಡಿಯುವ ಬ್ಯಾಟರಿ

ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ ಕಡೆಯ ದೊಡ್ಡ ಗೋಡೌನುಗಳಲ್ಲಿ ಫೋರ್ಕ್‌ಲಿಫ್ಟುಗಳಿಗೆಂದೇ ಒಂದು ಮೂಲೆ ಇರುತ್ತದೆ. ಗೋಡೆಗೆ ಸಾಲಾಗಿ ಚಾರ್ಜರುಗಳು, ನೆಲದ ಮೇಲೆ ಹಳದಿ ಗೆರೆ, ಬೀಡಿ ಸಿಗರೇಟು ಸೇದಬಾರದು ಎನ್ನುವ ಬೋರ್ಡು, ಪಕ್ಕದಲ್ಲಿ ಡಿಸ್ಟಿಲ್ಡ್ ವಾಟರಿನ ಕ್ಯಾನು. ಚಾರ್ಜು ಮುಗಿಯುವ ಹೊತ್ತಿಗೆ ಅಲ್ಲಿ ಹೋಗಿ ನಿಂತರೆ ಮೊದಲು ಕಿವಿಗೆ ಬೀಳುವುದು ಸಣ್ಣಗಿನ ಗುಳುಗುಳು ಸದ್ದು. ಆಮೇಲೆ ಗಂಟಲು ಕೆರೆಯುವಂಥ ಹುಳಿ ಗಾಳಿ. ಸೀಟಿನ ಕೆಳಗಿನ ಮುಚ್ಚಳ ಎತ್ತಿಟ್ಟ ಗಾಡಿಯೊಳಗೆ ಇಪ್ಪತ್ತನಾಲ್ಕು ಸೆಲ್ಲುಗಳು ಒಟ್ಟಿಗೆ ಕುದಿಯುತ್ತಿರುತ್ತವೆ. ಇದು ಒಲೆಯ ಮೇಲಿನ ಕುದಿಯಲ್ಲ. ಒಳಗಿನ ದ್ರವ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರುತ್ತದೆ. ಕರೆಂಟು ನೀರನ್ನು ಒಡೆದು ಜಲಜನಕ, ಆಮ್ಲಜನಕ ಮಾಡಿ ಹೊರಗಟ್ಟುವ ಸದ್ದು ಅದು.

ಬ್ಯಾಟರಿಗೆ ನೀರು ಹಾಕುವುದೇಕೆ, ಚಾರ್ಜು ಆದ ಮೇಲೇ ಏಕೆ ಹಾಕಬೇಕು, ಚಾರ್ಜಿಂಗ್ ಕೋಣೆಗೆ ಗಾಳಿಕಿಂಡಿ ಸೂರಿನ ಹತ್ತಿರವೇ ಏಕಿರಬೇಕು, ಊಟದ ಬಿಡುವಿನಲ್ಲಿ ಅರ್ಧ ಗಂಟೆ ಚಾರ್ಜಿಗೆ ಹಾಕುವ ಡ್ರೈವರಿಗೆ ಮೇಂಟೆನೆನ್ಸಿನವರು ಬೈಯುವುದೇಕೆ, ಇವೆಲ್ಲದರ ಬುಡ ಹಿಡಿದು ಹೋದರೆ ಸಿಗುವುದು ಈ ಕುದಿಯೇ. ಅದು ಹೆಚ್ಚಾದರೂ ಬ್ಯಾಟರಿ ಕೆಡುತ್ತದೆ, ಆಗದೇ ಹೋದರೂ ಕೆಡುತ್ತದೆ.

ಸೀಸ ಮತ್ತು ಆಮ್ಲದ ಈ ಜೋಡಿ ಹಳೆಯದು. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ಎರಡು ತಗಡುಗಳನ್ನು ಒಂದಕ್ಕೊಂದು ತಾಗದ ಹಾಗೆ ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಅದ್ದಿಟ್ಟ. ಒಮ್ಮೆ ಖಾಲಿಯಾದರೆ ಮತ್ತೆ ತುಂಬಿಸಬಹುದಾದ ಮೊದಲ ಬ್ಯಾಟರಿ ಅದು. ಆಗಿನ್ನೂ ಕೆಲಸಕ್ಕೆ ಬರುವ ಡೈನಮೊ ಇರಲಿಲ್ಲ. ಒಂದು ಬ್ಯಾಟರಿಯನ್ನು ಚಾರ್ಜು ಮಾಡಲು ಬೇರೆ ಬ್ಯಾಟರಿಗಳನ್ನೇ ಖರ್ಚು ಮಾಡಬೇಕಿತ್ತು. 1881ರಲ್ಲಿ ಕಮೀಲ್ ಫೋರ್ ಸೀಸದ ಆಕ್ಸೈಡನ್ನು ಪೇಸ್ಟಿನಂತೆ ಕಲಸಿ ತಗಡಿಗೆ ಮೆತ್ತುವ ದಾರಿ ಕಂಡುಕೊಂಡ ಮೇಲೆ ಇದು ಕಾರ್ಖಾನೆಯ ಸರಕಾಯಿತು. ಇವತ್ತಿನ ಫೋರ್ಕ್‌ಲಿಫ್ಟಿನ ಬ್ಯಾಟರಿಯಲ್ಲಿ ಧನ ಪ್ಲೇಟು ಎನ್ನುವುದು ನಿಜಕ್ಕೂ ಪ್ಲೇಟಲ್ಲ. ಸೀಸದ ಸಣ್ಣ ಕಡ್ಡಿಗಳ ಸಾಲು, ಪ್ರತಿ ಕಡ್ಡಿಗೂ ಒಂದು ನೇಯ್ದ ಕೊಳವೆ, ಆ ಕೊಳವೆಯೊಳಗೆ ತುಂಬಿದ ಪುಡಿ. ಮನೆಯ ಯುಪಿಎಸ್ಸಿಗೆ ‘ಟ್ಯೂಬ್ಯುಲರ್ ಬ್ಯಾಟರಿ’ ಕೊಂಡವರಿಗೆ ಹೆಸರು ಗೊತ್ತಿರುತ್ತದೆ. ದಿನಾ ಆಳವಾಗಿ ಖಾಲಿಯಾಗಿ ದಿನಾ ತುಂಬುವ ಬ್ಯಾಟರಿಯಲ್ಲಿ ಪುಡಿ ಹಿಗ್ಗುತ್ತದೆ, ಕುಗ್ಗುತ್ತದೆ. ಕೊಳವೆ ಇಲ್ಲದಿದ್ದರೆ ಉದುರಿ ತಳ ಸೇರುತ್ತದೆ.

ಚಾರ್ಜು ತುಂಬಿದ ಸೆಲ್ಲಿನಲ್ಲಿ ಧನ ಪ್ಲೇಟಿನಲ್ಲಿರುವುದು ಚಾಕೊಲೇಟ್ ಬಣ್ಣದ ಸೀಸದ ಡೈಆಕ್ಸೈಡು, ಋಣ ಪ್ಲೇಟಿನಲ್ಲಿರುವುದು ಬೂದು ಬಣ್ಣದ ತೂತುತೂತಾದ ಬರೀ ಸೀಸ. ಗಾಡಿ ಓಡಿದಂತೆ ಎರಡೂ ಬಿಳಿಯ ಸೀಸದ ಸಲ್ಫೇಟಾಗುತ್ತವೆ. ಆ ಸಲ್ಫೇಟು ಬರುವುದು ಆಮ್ಲದಿಂದ. ಅಂದರೆ ಗಾಡಿ ದುಡಿದಷ್ಟೂ ಆಮ್ಲ ಪ್ಲೇಟಿನೊಳಗೆ ಹೋಗಿ ಕೂರುತ್ತದೆ, ಹೊರಗೆ ಉಳಿಯುವುದು ತೆಳ್ಳಗಾದ ನೀರು. ಚಾರ್ಜು ಮಾಡುವುದೆಂದರೆ ಅಲ್ಲಿ ಕೂತ ಆಮ್ಲವನ್ನು ಎಬ್ಬಿಸಿ ಹೊರಗೆ ತರುವುದು. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಒಂದಿಷ್ಟು ಎಳೆದು ನೋಡಿ ಬ್ಯಾಟರಿಯ ಹೊಟ್ಟೆ ಎಷ್ಟು ತುಂಬಿದೆ ಎಂದು ಹೇಳಲಾಗುವುದು ಇದರಿಂದಲೇ. ಬೇರೆ ಯಾವ ಬ್ಯಾಟರಿಯೂ ಇಷ್ಟು ಸಲೀಸಾಗಿ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ.

ಒಂದು ಸೆಲ್ಲಿನ ಒತ್ತಡ 2 ವೋಲ್ಟಿಗಿಂತ ತುಸು ಹೆಚ್ಚು. ಇಪ್ಪತ್ತನಾಲ್ಕು ಸೆಲ್ ಸೇರಿದರೆ 48 ವೋಲ್ಟಿನ ಬ್ಯಾಟರಿ. ಈ 2 ವೋಲ್ಟು ಎಲ್ಲಿಂದ ಬಂತು ಎನ್ನುವ ಪ್ರಶ್ನೆಗೆ 2011ರಲ್ಲಿ ರಾಜೀವ್ ಅಹುಜಾ, ಪೆಕ್ಕಾ ಪ್ಯೂಕ್ಕೋ ಮತ್ತು ಸಂಗಡಿಗರು ಲೆಕ್ಕ ಹಾಕಿ ಕೊಟ್ಟ ಉತ್ತರ ವಿಚಿತ್ರವಾಗಿದೆ. ಸೀಸದ ಪರಮಾಣುವಿನ ನಡುವೆ 82 ಪ್ರೋಟಾನುಗಳಿವೆ. ಅವುಗಳ ಸೆಳೆತಕ್ಕೆ ಸಿಕ್ಕ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಅರ್ಧಕ್ಕೂ ಮೀರಿ ಓಡುತ್ತವೆ. ಅಂಥ ವೇಗದಲ್ಲಿ ಐನ್‌ಸ್ಟೈನರ ಸಾಪೇಕ್ಷತೆ ಲೆಕ್ಕಕ್ಕೆ ಬಂದು ಕಕ್ಷೆಗಳು ಬಿಗಿಯುತ್ತವೆ, ಹೊರಗಿನ ಎಲೆಕ್ಟ್ರಾನುಗಳ ನಡತೆಯೂ ಬದಲಾಗುತ್ತದೆ. ಸೆಲ್ಲಿನ 2.1 ವೋಲ್ಟಿನಲ್ಲಿ 1.7ರಿಂದ 1.8 ವೋಲ್ಟು ಬರೀ ಇದರ ಫಲ ಎಂದು ಆ ಲೆಕ್ಕ ಹೇಳುತ್ತದೆ. ಸೀಸದ ಹತ್ತಿರದ ನೆಂಟ ತವರ. ಅದರಲ್ಲಿ ಇಂಥ ಬ್ಯಾಟರಿ ಮಾಡಲು ಹೋದರೆ ನಡೆಯುವುದಿಲ್ಲ. ಗೋಡೌನಿನಲ್ಲಿ ಸಿಮೆಂಟಿನ ಪ್ಯಾಲೆಟ್ ಎತ್ತುವುದಕ್ಕೂ ಸಾಪೇಕ್ಷತೆ ಬೇಕು ಎಂದರೆ ಡ್ರೈವರು ನಂಬುವುದು ಕಷ್ಟ. ಕೇಳಿದಾಗ ನಾನೂ ಸುಲಭಕ್ಕೆ ನಂಬಲಿಲ್ಲ.

ಈಗ ಕುದಿಗೆ ಬರೋಣ. ನೀರನ್ನು ಒಡೆಯಲು ಬೇಕಾದ ಕನಿಷ್ಠ ಒತ್ತಡ 1.23 ವೋಲ್ಟು. ನಮ್ಮ ಸೆಲ್ಲಿನಲ್ಲಿ ಸುಮ್ಮನೆ ಕೂತಾಗಲೇ 2.1 ವೋಲ್ಟಿದೆ. ಲೆಕ್ಕದ ಪ್ರಕಾರ ಒಳಗಿನ ನೀರೆಲ್ಲ ತಾನೇ ತಾನಾಗಿ ಒಡೆದು ಹಾರಿಹೋಗಬೇಕಿತ್ತು, ಬ್ಯಾಟರಿ ಎನ್ನುವ ವಸ್ತುವೇ ಇರಬಾರದಿತ್ತು. ಹಾಗಾಗದಿರುವುದಕ್ಕೆ ಕಾರಣ ಸೀಸದ ಮೈಯ ಜಡತನ. ಜಲಜನಕದ ಪರಮಾಣುಗಳು ಜೋಡಿಯಾಗಿ ಗುಳ್ಳೆಯಾಗಲು ಲೋಹದ ಮೈ ಸಹಕರಿಸಬೇಕು. ಪ್ಲಾಟಿನಂ ಚೆನ್ನಾಗಿ ಸಹಕರಿಸುತ್ತದೆ, ಸೀಸ ಸಹಕರಿಸುವುದೇ ಇಲ್ಲ. ಕ್ರಿಯೆ ನಿಂತಿಲ್ಲ, ಅಷ್ಟು ನಿಧಾನವಾಗಿದೆ ಅಷ್ಟೇ. ಚಾರ್ಜರು ಒತ್ತಡವನ್ನು ಏರಿಸುತ್ತಾ ಹೋಗಿ ಸೆಲ್ಲಿಗೆ 2.4 ವೋಲ್ಟು ದಾಟಿಸಿದಾಗ ಆ ಜಡತನವೂ ಸೋಲುತ್ತದೆ, ಗುಳ್ಳೆ ಏಳತೊಡಗುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ. ಬರೀ ಸೀಸ ಮೆತ್ತಗಿನ ಲೋಹ. ಕಡ್ಡಿಗಳು ಗಟ್ಟಿಯಾಗಿರಲೆಂದು ಆಂಟಿಮನಿ ಬೆರೆಸುತ್ತಾರೆ. ವರ್ಷಗಳು ಕಳೆದಂತೆ ಧನ ಪ್ಲೇಟಿನ ಕಡ್ಡಿ ಸವೆದು ಆಂಟಿಮನಿ ಕರಗಿ ಋಣ ಪ್ಲೇಟಿಗೆ ಹೋಗಿ ಕೂರುತ್ತದೆ. ಆಂಟಿಮನಿಯ ಮೈ ಮೇಲೆ ಜಲಜನಕ ಸುಲಭವಾಗಿ ಹುಟ್ಟುತ್ತದೆ. ಹಾಗಾಗಿ ಬ್ಯಾಟರಿ ಹಳತಾದಂತೆ ನೀರು ಜಾಸ್ತಿ ಕೇಳುತ್ತದೆ. ಹದಿನೈದು ದಿನಕ್ಕೊಮ್ಮೆ ನೀರು ಹಾಕುತ್ತಿದ್ದ ಗಾಡಿಗೆ ಈಗ ವಾರಕ್ಕೊಮ್ಮೆ ಬೇಕಾಗಿದೆ ಎಂದು ಯಾರಾದರೂ ಹೇಳಿದರೆ, ಚಾರ್ಜರಿನಲ್ಲಿ ದೋಷವಿಲ್ಲದಿದ್ದರೆ, ಅದು ಬ್ಯಾಟರಿಯ ವಯಸ್ಸಿನ ಲೆಕ್ಕ.

ಎಷ್ಟು ನೀರು? ಇದನ್ನು ಫ್ಯಾರಡೆಯ ನಿಯಮದಿಂದ ಕೈಯಲ್ಲೇ ಲೆಕ್ಕ ಹಾಕಬಹುದು. ನೀರು ಒಡೆಯಲು ಹೋದ ಪ್ರತಿ ಆಂಪಿಯರ್-ಗಂಟೆಗೆ ಒಂದು ಸೆಲ್ಲಿನಲ್ಲಿ ಮೂರನೇ ಒಂದು ಗ್ರಾಂ (0.336 ಗ್ರಾಂ) ನೀರು ಹೋಗುತ್ತದೆ, ಸುಮಾರು 0.42 ಲೀಟರ್ ಜಲಜನಕ ಹುಟ್ಟುತ್ತದೆ. 48 ವೋಲ್ಟು, 500 ಆಂಪಿಯರ್-ಗಂಟೆಯ ಬ್ಯಾಟರಿ ತೆಗೆದುಕೊಳ್ಳಿ. ದಿನದಲ್ಲಿ 400 ಖರ್ಚಾಯಿತು ಎಂದಿಟ್ಟುಕೊಳ್ಳೋಣ. ವಾಪಸ್ ತುಂಬುವಾಗ 400 ತುಂಬಿದರೆ ಸಾಲದು. ಸಾಮಾನ್ಯ ಚಾರ್ಜರು 15ರಿಂದ 20 ಪ್ರತಿಶತ ಹೆಚ್ಚು ಹಾಕುತ್ತದೆ. 15 ಎಂದೇ ಹಿಡಿದರೂ ಹೆಚ್ಚಿನ 60 ಆಂಪಿಯರ್-ಗಂಟೆ ಬಹುಪಾಲು ಗುಳ್ಳೆಗೆ ಹೋಗುತ್ತದೆ. ಇಪ್ಪತ್ತನಾಲ್ಕು ಸೆಲ್ಲಿಗೆ ಗುಣಿಸಿದರೆ ಒಂದು ಚಾರ್ಜಿಗೆ ಹತ್ತಿರ ಹತ್ತಿರ ಅರ್ಧ ಲೀಟರ್ ನೀರು, 600 ಲೀಟರ್ ಜಲಜನಕ. ನೀರಿನ ಲೆಕ್ಕ ಕ್ಯಾನಿನ ಖರ್ಚಿನಲ್ಲಿ ಕಾಣುತ್ತದೆ. ಜಲಜನಕದ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಇಷ್ಟು ನಷ್ಟವಾಗುವುದಾದರೆ ಗುಳ್ಳೆ ಏಳುವ ಮೊದಲೇ ಚಾರ್ಜು ನಿಲ್ಲಿಸಬಾರದೇಕೆ? ಪ್ಲೇಟಿನೊಳಗಿಂದ ಹೊರಬರುವ ಆಮ್ಲ ಗಟ್ಟಿಯಾದದ್ದು, ಭಾರವಾದದ್ದು. ಅದು ನೇರ ತಳಕ್ಕಿಳಿಯುತ್ತದೆ. ಫೋರ್ಕ್‌ಲಿಫ್ಟಿನ ಸೆಲ್ಲು ಅರ್ಧ ಮೀಟರಿನಷ್ಟು ಎತ್ತರ. ಮೇಲೆ ತೆಳು, ಕೆಳಗೆ ಗಟ್ಟಿ. ಸಕ್ಕರೆ ಹಾಕಿ ಕದಡದೆ ಕೊಟ್ಟ ಲೋಟದ ಕಾಫಿಯ ಹಾಗೆ. ಹೀಗೇ ಬಿಟ್ಟರೆ ಪ್ಲೇಟಿನ ಕೆಳಭಾಗ ಗಟ್ಟಿ ಆಮ್ಲದಲ್ಲಿ ನೆನೆದು ಸಲ್ಫೇಟು ಕಟ್ಟಿಕೊಳ್ಳುತ್ತದೆ, ಮೇಲ್ಭಾಗಕ್ಕೆ ಕೆಲಸ ಮಾಡಲು ಆಮ್ಲವೇ ಸಿಗುವುದಿಲ್ಲ. ಕೊನೆಯ ಗಂಟೆಗಳ ಗುಳ್ಳೆಗಳು ತಳದಿಂದ ಮೇಲೇರುತ್ತಾ ಎಲ್ಲವನ್ನೂ ಕದಡುತ್ತವೆ. ಅರ್ಧ ಲೀಟರ್ ನೀರು ಖರ್ಚಾದದ್ದು ಈ ಕದಡುವ ಕೂಲಿಗೆ.

ಕೆಲವು ಹೊಸ ಬ್ಯಾಟರಿಗಳಲ್ಲಿ ಪ್ರತಿ ಸೆಲ್ಲಿಗೂ ಸಣ್ಣ ನಳಿಕೆ ಇಳಿಸಿ ಚಾರ್ಜರಿನ ಪಂಪಿನಿಂದ ಗಾಳಿ ಊದುತ್ತಾರೆ. ಗಾಳಿಯೇ ಕದಡುವುದರಿಂದ ಹೆಚ್ಚುವರಿ ಚಾರ್ಜು 7 ಪ್ರತಿಶತದ ಆಸುಪಾಸಿಗೆ ಇಳಿಯುತ್ತದೆ. ನೀರಿನ ಜೊತೆ ವಿದ್ಯುತ್ತೂ ಸಮಯವೂ ಉಳಿಯುತ್ತವೆ. ನಳಿಕೆ ಕಿತ್ತುಬಂದಿದ್ದರೆ, ಪಂಪಿನ ಫಿಲ್ಟರು ಕಟ್ಟಿಕೊಂಡಿದ್ದರೆ ಮಾತ್ರ ಈ ವ್ಯವಸ್ಥೆ ಇದ್ದೂ ಇಲ್ಲದ್ದಾಗುತ್ತದೆ. ಅದನ್ನು ನೋಡುವವರು ಕಡಿಮೆ.

ಚಾರ್ಜರು ಮಾಡುವ ಕೆಲಸವನ್ನು ಈಗ ಬೇಗ ಹೇಳಿಬಿಡಬಹುದು. ಮೊದಲು ಒಂದೇ ಮಟ್ಟದ ದೊಡ್ಡ ಕರೆಂಟು. ನಮ್ಮ ಬ್ಯಾಟರಿಗಾದರೆ 80 ಆಂಪಿಯರ್ ಎನ್ನಿ. ಒತ್ತಡ ನಿಧಾನ ಏರುತ್ತಾ ಸೆಲ್ಲಿಗೆ 2.4, ಅಂದರೆ ಒಟ್ಟು 57.6 ವೋಲ್ಟಿಗೆ ಬರುವಾಗ ನಾಲ್ಕು ಪಾಲು ತುಂಬಿ ಒಂದು ಪಾಲು ಉಳಿದಿರುತ್ತದೆ. ಅಲ್ಲಿಂದ ಒತ್ತಡವನ್ನು ಹಿಡಿದಿಟ್ಟು ಕರೆಂಟನ್ನು ಇಳಿಯಗೊಡುತ್ತದೆ. ಕೊನೆಗೆ 20, 25 ಆಂಪಿಯರಿನ ಸಣ್ಣ ಕರೆಂಟು ಬಿಟ್ಟು ಹದವಾಗಿ ಕುದಿಸುತ್ತದೆ. ಒಟ್ಟು ಎಂಟು ಗಂಟೆ. ಆಮೇಲೆ ಆರಲು ಇನ್ನೆಂಟು ಗಂಟೆ. ಒಂದು ಪಾಳಿ ದುಡಿತ, ಒಂದು ಪಾಳಿ ಚಾರ್ಜು, ಒಂದು ಪಾಳಿ ವಿಶ್ರಾಂತಿ ಎನ್ನುವ ಹಳೆಯ ಪದ್ಧತಿ ಹುಟ್ಟಿದ್ದು ಹೀಗೆ. ಮೂರು ಪಾಳಿ ಓಡುವ ಗಾಡಿಗೆ ಮೂರು ಬ್ಯಾಟರಿ ಇಟ್ಟು ಕ್ರೇನಿನಿಂದ ಬದಲಿಸುವುದೂ ಇದರಿಂದಲೇ.

ಊಟದ ಬಿಡುವಿನ ಜಗಳ ಇಲ್ಲಿಗೇ ಬರುತ್ತದೆ. “ಅಣ್ಣಾ, ಇನ್ನೂ ಎರಡು ಲಾರಿ ಲೋಡಾಗ್ಬೇಕು, ಊಟ ಮುಗಿಸೋ ತನಕ ಚಾರ್ಜಿಗೆ ಹಾಕಿರ್ತೀನಿ” ಎನ್ನುತ್ತಾನೆ ಡ್ರೈವರು. “ಬೇಡ ಕಣಪ್ಪಾ. ಹಾಕಿದ್ರೆ ಪೂರ್ತಿ ಹಾಕು, ಇಲ್ಲಾಂದ್ರೆ ಪ್ಲಗ್ ಮುಟ್ಟಬೇಡ” ಎನ್ನುತ್ತಾನೆ ಮೇಂಟೆನೆನ್ಸಿನವನು. ಮೊಬೈಲಿಗೆ ಸಿಕ್ಕ ಕಡೆಯೆಲ್ಲ ಚಾರ್ಜು ಹಾಕಿ ಅಭ್ಯಾಸವಾದವರಿಗೆ ಇದು ಹಠದ ಮಾತಿನಂತೆ ಕೇಳುತ್ತದೆ. ಅರ್ಧ ಗಂಟೆಯಲ್ಲಿ ಬ್ಯಾಟರಿ ಮೊದಲ ಹಂತದ ದೊಡ್ಡ ಕರೆಂಟನ್ನಷ್ಟೇ ಕಾಣುತ್ತದೆ. ಗಟ್ಟಿ ಆಮ್ಲ ಹೊರಬಂದು ತಳಕ್ಕಿಳಿಯುತ್ತದೆ, ಕದಡುವ ಹಂತ ಬರುವುದೇ ಇಲ್ಲ. ದುಡಿದು ಬಿಸಿಯಾದ ಬ್ಯಾಟರಿಗೆ ಚಾರ್ಜಿನ ಬಿಸಿಯೂ ಸೇರುತ್ತದೆ, ಆರಲು ಬಿಡುವಿಲ್ಲದೆ ಮತ್ತೆ ದುಡಿತಕ್ಕೆ ಹೋಗುತ್ತದೆ. ಇಂಥ ಬ್ಯಾಟರಿಯ ಆಯುಸ್ಸನ್ನು ಲೆಕ್ಕ ಹಾಕುವುದು ಚಾರ್ಜಿನ ಸುತ್ತುಗಳಲ್ಲಿ. 80 ಪ್ರತಿಶತ ಖಾಲಿ ಮಾಡಿ ಪೂರ್ತಿ ತುಂಬಿದರೆ ಸುಮಾರು 1500 ಸುತ್ತು, ವರ್ಷಕ್ಕೆ 300 ಕೆಲಸದ ದಿನವೆಂದರೆ ಐದು ವರ್ಷ. ದಿನಕ್ಕೆ ಎರಡು ಮೂರು ಬಾರಿ ಪ್ಲಗ್ ಚುಚ್ಚುತ್ತಾ ಹೋದರೆ ಆ ಐದು ವರ್ಷ ಉಳಿಯುವುದಿಲ್ಲ.

ಇನ್ನೊಂದು ತುದಿಯ ತಪ್ಪು ಪೂರ್ತಿ ಖಾಲಿ ಮಾಡುವುದು. 20 ಪ್ರತಿಶತ ಉಳಿದಾಗ ಬಹಳಷ್ಟು ಗಾಡಿಗಳು ಫೋರ್ಕು ಎತ್ತುವುದನ್ನು ತಾವೇ ನಿಲ್ಲಿಸುತ್ತವೆ, ಚಾರ್ಜರಿನವರೆಗೆ ಓಡುವಷ್ಟು ಮಾತ್ರ ಬಿಡುತ್ತವೆ. ಡ್ರೈವರು ಅಲ್ಲೇ ಕೀ ಆಫ್ ಮಾಡಿ ಐದು ನಿಮಿಷ ಬಿಟ್ಟು ಆನ್ ಮಾಡುತ್ತಾನೆ. ಒತ್ತಡ ಸ್ವಲ್ಪ ಚೇತರಿಸಿಕೊಂಡಿರುತ್ತದೆ, ಗಾಡಿ ಇನ್ನೆರಡು ಪ್ಯಾಲೆಟ್ ಎತ್ತುತ್ತದೆ. ಆ ಎರಡು ಪ್ಯಾಲೆಟಿನ ಬೆಲೆ ತೆರುವುದು ಸಾಲಿನಲ್ಲಿರುವ ಅತಿ ಬಡ ಸೆಲ್ಲು. ಇಪ್ಪತ್ತನಾಲ್ಕೂ ಒಂದೇ ಸರಪಳಿಯಲ್ಲಿವೆ. ಒಂದು ಮೊದಲೇ ಬರಿದಾದರೂ ಉಳಿದ ಇಪ್ಪತ್ತಮೂರು ಅದರ ಮೂಲಕವೇ ಕರೆಂಟು ನೂಕುತ್ತವೆ. ಬರಿದಾದ ಸೆಲ್ಲು ಆಗ ಉಲ್ಟಾ ಚಾರ್ಜಾಗುತ್ತದೆ: ಧನ ಋಣವಾಗುತ್ತದೆ, ಋಣ ಧನವಾಗುತ್ತದೆ. ಅಲ್ಲಿಂದ ಅದು ಚೇತರಿಸಿಕೊಳ್ಳುವುದು ಅಪರೂಪ. “ಒಂದು ಸೆಲ್ ಹೋಗಿದೆ” ಎಂದು ಸರ್ವಿಸಿನವರು ಹೇಳುವ ಮಾತಿನ ಹಿಂದೆ ಎಷ್ಟೋ ಸಲ ಇಂಥ ಸಂಜೆಗಳೇ ಇರುತ್ತವೆ.

ಖಾಲಿಯಾದ ಬ್ಯಾಟರಿಯನ್ನು ಹಾಗೇ ಬಿಡುವುದೂ ಅಷ್ಟೇ ಕೆಟ್ಟದ್ದು. ಹೊಸದಾಗಿ ಕಟ್ಟಿದ ಸೀಸದ ಸಲ್ಫೇಟು ತೀರ ಸಣ್ಣ ಹರಳುಗಳ ರೂಪದಲ್ಲಿರುತ್ತದೆ, ಕರೆಂಟು ಬಂದ ಕೂಡಲೇ ಕರಗುತ್ತದೆ. ದಿನಗಟ್ಟಲೆ ಬಿಟ್ಟರೆ ಸಣ್ಣವು ಕರಗಿ ದೊಡ್ಡವಕ್ಕೆ ಸೇರಿಕೊಳ್ಳುತ್ತವೆ. ಅದೇ ತೂಕದ ಸಲ್ಫೇಟು, ಆದರೆ ಆಮ್ಲಕ್ಕೆ ತಾಗುವ ಮೈ ಕಡಿಮೆ. ಅಂಥ ದಪ್ಪ ಹರಳನ್ನು ಮಾಮೂಲಿ ಚಾರ್ಜು ಕರಗಿಸಲಾರದು. ಆಯುಧಪೂಜೆಗೆ ಗಾಡಿ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ನಾಲ್ಕು ದಿನ ಗೇಟು ಹಾಕುವ ಕಡೆಗಳಲ್ಲಿ ಪೂಜೆಯ ಹಿಂದಿನ ರಾತ್ರಿ ಬ್ಯಾಟರಿ ಪೂರ್ತಿ ಚಾರ್ಜಾಗಿದೆಯೇ ನೋಡಿಕೊಳ್ಳುವುದು ಆ ಗಾಡಿಗೆ ಮಾಡಿದ ನಿಜವಾದ ಪೂಜೆ.

ಇನ್ನು ನೀರು ಹಾಕುವ ಕೆಲಸ. ಮುಚ್ಚಳ ತೆರೆದು ಟಾರ್ಚು ಬಿಟ್ಟು ನೋಡಿದರೆ ಕೆಳಗೆ ಪ್ಲೇಟುಗಳ ತಲೆ, ಅದರ ಮೇಲೆ ಪಾರದರ್ಶಕ ದ್ರವ. ಪ್ಲೇಟು ಗಾಳಿಗೆ ತೆರೆದುಕೊಂಡರೆ ಆ ಭಾಗ ಒಣಗಿ ಸತ್ತ ಹಾಗೆ. ಆದರೂ ಚಾರ್ಜಿಗೆ ಮೊದಲೇ ಕಂಠಮಟ್ಟ ತುಂಬಿಸಬಾರದು. ಚಾರ್ಜಾಗುವಾಗ ದ್ರವ ಬಿಸಿಯಾಗಿ ಹಿಗ್ಗುತ್ತದೆ, ಗುಳ್ಳೆಗಳೂ ಸೇರಿ ಮಟ್ಟ ಏರುತ್ತದೆ, ಉಕ್ಕಿ ಚೆಲ್ಲುತ್ತದೆ. ಚೆಲ್ಲುವುದು ನೀರಲ್ಲ, ಆಮ್ಲ. ಅದು ಕಬ್ಬಿಣದ ಪೆಟ್ಟಿಗೆಯನ್ನು ತಿನ್ನುತ್ತದೆ. ಸೆಲ್ಲುಗಳ ನೆತ್ತಿಯ ಮೇಲೆ ಒದ್ದೆ ಪದರವಾಗಿ ಉಳಿದು ಧನದಿಂದ ಋಣಕ್ಕೆ ಸದಾ ಸಣ್ಣ ಕರೆಂಟು ಸೋರಿಸುತ್ತದೆ. ಚೆಲ್ಲಿದ್ದರ ಜಾಗಕ್ಕೆ ನೀರು ಹಾಕಿದಾಗ ಒಳಗಿನ ಆಮ್ಲ ಶಾಶ್ವತವಾಗಿ ತೆಳುವಾಗುತ್ತದೆ. ಅದಕ್ಕೇ ಚಾರ್ಜು ಮುಗಿದು ಆರಿದ ಮೇಲೆ ನೀರು. ಪ್ಲೇಟು ಕಾಣುವಷ್ಟು ಇಳಿದಿದ್ದರೆ ಮಾತ್ರ ಮೊದಲು ಪ್ಲೇಟು ಮುಳುಗುವಷ್ಟು ಹಾಕಿ, ಉಳಿದದ್ದನ್ನು ಚಾರ್ಜಿನ ನಂತರ.

ಯಾವ ನೀರು ಎನ್ನುವುದರಲ್ಲಿ ರಿಯಾಯಿತಿ ಇಲ್ಲ. ಬೆಂಗಳೂರು ಸುತ್ತಿನ ಬೋರ್‌ವೆಲ್ ನೀರು ಎಷ್ಟು ಗಡಸೆಂದು ಬಕೆಟ್ಟಿನ ಬಿಳಿ ಗೆರೆ ನೋಡಿದವರಿಗೆ ಗೊತ್ತು. ಕ್ಲೋರೈಡು ಧನ ಪ್ಲೇಟಿನ ಸೀಸವನ್ನು ಕೊರೆಯುತ್ತದೆ. ಕಬ್ಬಿಣದ ಕಥೆ ಇನ್ನೂ ಸೂಕ್ಷ್ಮ: ಕಬ್ಬಿಣದ ಅಯಾನು ಧನ ಪ್ಲೇಟಿನ ಹತ್ತಿರ ಹೋಗಿ ಒಂದು ಎಲೆಕ್ಟ್ರಾನು ಕಳೆದುಕೊಳ್ಳುತ್ತದೆ, ತೇಲುತ್ತಾ ಋಣ ಪ್ಲೇಟಿಗೆ ಬಂದು ಒಂದು ಪಡೆಯುತ್ತದೆ, ಮತ್ತೆ ಹೋಗುತ್ತದೆ. ಹೀಗೆ ಓಡಾಡುತ್ತಾ ಯಾರೂ ಗಾಡಿ ಮುಟ್ಟದೇ ಇದ್ದರೂ ಬ್ಯಾಟರಿಯನ್ನು ಬರಿದು ಮಾಡುತ್ತದೆ. ಕುಡಿಯುವ ಆರ್‌ಓ ನೀರಿನಲ್ಲೂ ಲವಣ ಉಳಿದಿರುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರು ಬಟ್ಟಿ ಇಳಿಸಿದ ನೀರೇ ತಾನೇ ಎಂದು ಬಕೆಟ್ಟಿನಲ್ಲಿ ಹಿಡಿದಿಡುವವರಿದ್ದಾರೆ. ಅದು ತಾಮ್ರದ ಕೊಳವೆ, ಅಲ್ಯೂಮಿನಿಯಂ ರೆಕ್ಕೆ, ಧೂಳು ಎಲ್ಲವನ್ನೂ ಸವರಿಕೊಂಡು ಬಂದ ನೀರು. ಒಂದು ಕ್ಯಾನಿನ ಬೆಲೆ ಉಳಿಸಲು ಲಕ್ಷಗಳ ಬ್ಯಾಟರಿಯ ಮೇಲೆ ಮಾಡುವ ಪ್ರಯೋಗವಿದು.

ಇದಕ್ಕಿಂತಲೂ ಕೆಟ್ಟ ಪ್ರಯೋಗ ಆಸಿಡ್ ಹಾಕುವುದು. ಬ್ಯಾಟರಿ ಮಂಕಾಗಿದೆ, ಹೈಡ್ರೋಮೀಟರು ಕಡಿಮೆ ತೋರಿಸುತ್ತಿದೆ, ಒಂದಿಷ್ಟು ಆಸಿಡ್ ಸುರಿದರೆ ಗ್ರ್ಯಾವಿಟಿ (ನೀರಿಗೆ ಹೋಲಿಸಿದ ದ್ರವದ ಸಾಂದ್ರತೆ) ಮೇಲೇರುತ್ತದೆ. ಏರುವುದು ನಿಜ, ಸುರಿದದ್ದೇ ಆಸಿಡ್ಡಲ್ಲವೇ! ಉಕ್ಕಿ ಚೆಲ್ಲಿಲ್ಲದಿದ್ದರೆ ಕಡಿಮೆಯಾದ ಆಮ್ಲ ಎಲ್ಲೂ ಹೋಗಿಲ್ಲ, ಪ್ಲೇಟಿನೊಳಗೆ ಸಲ್ಫೇಟಾಗಿ ಕೂತಿದೆ. ಗುಳ್ಳೆಯಾಗಿ ಹಾರುವುದು ನೀರು ಮಾತ್ರ, ಆಮ್ಲವಲ್ಲ. ಹೊರಗಿನಿಂದ ಸುರಿದರೆ ಕೂತದ್ದು ಕೂತೇ ಇರುತ್ತದೆ, ಅದರ ಮೇಲೆ ಈಗ ಅತಿ ಗಟ್ಟಿ ಆಮ್ಲ ಬೇರೆ. ಮೀಟರು ಸುಳ್ಳು ಹೇಳುವಂತೆ ಮಾಡಿ ರೋಗ ವಾಸಿಯಾಯಿತು ಅಂದುಕೊಂಡಂತಾಯಿತು.

ಹೈಡ್ರೋಮೀಟರನ್ನು ನಂಬಬೇಕಾದರೆ ಅದನ್ನು ಬಳಸುವ ರೀತಿ ಗೊತ್ತಿರಬೇಕು. ರಬ್ಬರಿನ ಬುರುಡೆ ಅಮುಕಿ, ನಳಿಕೆ ಸೆಲ್ಲಿಗಿಳಿಸಿ, ಬಿಟ್ಟರೆ ಗಾಜಿನ ಕೊಳವೆಯೊಳಗೆ ದ್ರವ ಏರುತ್ತದೆ, ಒಳಗಿನ ತೇಲುಕಡ್ಡಿ ಎದ್ದು ನಿಲ್ಲುತ್ತದೆ. ಅದು ಗೋಡೆಗೆ ಅಂಟದೆ ನೆಟ್ಟಗೆ ತೇಲಬೇಕು. ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದಬೇಕು. ತುಂಬಿದ ಸೆಲ್ಲು 1.280ರ ಹತ್ತಿರ ತೋರಿಸುತ್ತದೆ. ಬ್ಯಾಟರಿ ಅಂಗಡಿಯಲ್ಲಿ ‘ಟ್ವೆಲ್ವ್ ಏಯ್ಟಿ’ ಎನ್ನುವುದು ಇದನ್ನೇ. 80 ಪ್ರತಿಶತ ಖರ್ಚಾದದ್ದು 1.140ರ ಆಸುಪಾಸು. ನಮ್ಮಲ್ಲಿ ಈ ಅಂಕಿಗಳನ್ನು 27 ಡಿಗ್ರಿಗೆ ಹೇಳುತ್ತಾರೆ. ಬಿಸಿ ದ್ರವ ಹಗುರ, ಹಾಗಾಗಿ 27ರ ಮೇಲಿನ ಪ್ರತಿ ಡಿಗ್ರಿಗೆ 0.0007 ಕೂಡಿಸಬೇಕು. ಚಾರ್ಜಿನಿಂದ ಇಳಿಸಿದ ಕೂಡಲೇ, ಒಳಗೆ 47 ಡಿಗ್ರಿ ಇರುವಾಗ, 1.266 ತೋರಿಸಿದರೆ ಅದು ನಿಜಕ್ಕೂ 1.280. ಈ ಲೆಕ್ಕ ಮಾಡದೆ ಒಳ್ಳೆಯ ಬ್ಯಾಟರಿಯನ್ನು ಕಳಪೆ ಎಂದವರುಂಟು. ನೀರು ಹಾಕಿದ ತಕ್ಷಣ ಓದುವುದೂ ವ್ಯರ್ಥ. ಹೊಸ ನೀರು ಮೇಲೆಯೇ ನಿಂತಿರುತ್ತದೆ. ವಿಶ್ರಾಂತಿಯಲ್ಲಿರುವ ಸೆಲ್ಲಿನ ಓದಿಗೆ 0.84 ಕೂಡಿಸಿದರೆ ಅದರ ವೋಲ್ಟೇಜು ಬರುತ್ತದೆ ಎಂಬ ಸೂತ್ರವನ್ನು ನೆನಪಿಟ್ಟುಕೊಂಡರೆ, ಮಲ್ಟಿಮೀಟರೂ ಹೈಡ್ರೋಮೀಟರೂ ಒಂದನ್ನೊಂದು ತಾಳೆ ನೋಡುತ್ತವೆ. 1.28ಕ್ಕೆ 2.12 ವೋಲ್ಟು.

ಇಪ್ಪತ್ತನಾಲ್ಕು ಓದುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದಿಟ್ಟರೆ ಬಡ ಸೆಲ್ಲು ಬಾಯಿ ಬಿಡುವ ಮೊದಲೇ ಸಿಕ್ಕಿಬೀಳುತ್ತದೆ. ಸೆಲ್ಲುಗಳ ನಡುವೆ ಅಂತರ ಹೆಚ್ಚುತ್ತಿದ್ದರೆ ವಾರಕ್ಕೊಮ್ಮೆ, ರಜೆಯ ದಿನ, ಮಾಮೂಲಿ ಚಾರ್ಜಿನ ಮೇಲೆ ಇನ್ನಷ್ಟು ಗಂಟೆ ಸಣ್ಣ ಕರೆಂಟು ಬಿಟ್ಟು ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತಾರೆ. ಇದಕ್ಕೆ ‘ಈಕ್ವಲೈಸ್’ ಎನ್ನುತ್ತಾರೆ. ದಿನಾ ಮಾಡಿದರೆ ಕಡ್ಡಿಗಳು ಸವೆಯುತ್ತವೆ.

ಬಿಸಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬ್ಯಾಟರಿಯ ಉಷ್ಣತೆ 10 ಡಿಗ್ರಿ ಹೆಚ್ಚಾದರೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಹಳೆಯ ಸ್ಥೂಲ ನಿಯಮ. ತಗಡಿನ ಸೂರಿನ ಕೆಳಗೆ, ಏಪ್ರಿಲ್ ಮಧ್ಯಾಹ್ನ, ಮುಚ್ಚಳ ಹಾಕಿಟ್ಟೇ ಚಾರ್ಜು ಮಾಡುವ ಜಾಗಗಳನ್ನು ನೋಡಿದಾಗ ಈ ನಿಯಮ ನೆನಪಾಗುತ್ತದೆ.

ಆ ಮುಚ್ಚಳ ತೆರೆದಿಡುವುದಕ್ಕೆ ಬಿಸಿಗಿಂತ ದೊಡ್ಡ ಕಾರಣ 600 ಲೀಟರ್ ಜಲಜನಕ. ಗಾಳಿಯಲ್ಲಿ ಜಲಜನಕ 4 ಪ್ರತಿಶತ ಸೇರಿದರೆ ಹೊತ್ತಿಕೊಳ್ಳಬಲ್ಲದು. 75 ಪ್ರತಿಶತದವರೆಗೂ ಹೊತ್ತಿಕೊಳ್ಳುವ ಗುಣ ಬಿಡುವುದಿಲ್ಲ. 600 ಲೀಟರ್ ಎಂದರೆ 15 ಘನ ಮೀಟರ್ ಗಾಳಿಯ 4 ಪ್ರತಿಶತ. ಎರಡೂವರೆ ಮೀಟರ್ ಚದರದ, ಅಷ್ಟೇ ಎತ್ತರದ ಮುಚ್ಚಿದ ಕೋಣೆಯನ್ನು ಒಂದೇ ಬ್ಯಾಟರಿ ಒಂದೇ ರಾತ್ರಿಯಲ್ಲಿ ಅಪಾಯದ ಗಡಿಗೆ ತಂದು ನಿಲ್ಲಿಸುತ್ತದೆ. ಜಲಜನಕ ಗಾಳಿಗಿಂತ ಬಹಳ ಹಗುರ, ಸೂರಿಗೆ ಹೋಗಿ ಸೇರುತ್ತದೆ. ನೆಲಮಟ್ಟದ ಕಿಟಕಿ ತೆರೆದಿಟ್ಟು ನಿಶ್ಚಿಂತರಾದವರಿಗೆ ಮೇಲೆ ಶೇಖರವಾದದ್ದು ಕಾಣುವುದಿಲ್ಲ. ಅದಕ್ಕೆ ವಾಸನೆಯೂ ಇಲ್ಲ. ಮೂಗಿಗೆ ಬರುವ ಹುಳಿ, ಗುಳ್ಳೆಯ ಜೊತೆ ಹಾರಿದ ಆಮ್ಲದ ತುಂತುರಿನದು.

ಹೊತ್ತಿಸಲು ಬೆಂಕಿಕಡ್ಡಿಯೇ ಬೇಕೆಂದಿಲ್ಲ. 0.02 ಮಿಲಿಜೌಲಿನ ಕಿಡಿ ಸಾಕು, ನಮ್ಮ ಬೆರಳಿಗೆ ಚುರುಕ್ಕೆನ್ನದ ಸ್ಥಾಯೀ ವಿದ್ಯುತ್ತಿನ ಕಿಡಿ ಕೂಡ ಅದಕ್ಕಿಂತ ದೊಡ್ಡದಿರಬಹುದು. ಕಿಡಿ ಹುಟ್ಟುವ ಅತಿ ಸಾಮಾನ್ಯ ಜಾಗ ಚಾರ್ಜರಿನ ಪ್ಲಗ್ಗು. ಕರೆಂಟು ಹರಿಯುತ್ತಿರುವಾಗಲೇ ಎಳೆದರೆ ತುದಿಯಲ್ಲಿ ಆರ್ಕು ಏಳುತ್ತದೆ, ಅದೂ ಬ್ಯಾಟರಿಯ ಪಕ್ಕದಲ್ಲೇ, ಗುಳ್ಳೆ ಜೋರಾಗಿರುವ ಹೊತ್ತಿನಲ್ಲೇ. ಮೊದಲು ಚಾರ್ಜರ್ ಆಫ್, ಆಮೇಲೆ ಪ್ಲಗ್. ಎರಡನೆಯ ಜಾಗ ಸ್ಪ್ಯಾನರು. ಟರ್ಮಿನಲ್ ಬಿಗಿ ಮಾಡುವಾಗ ಜಾರಿ ಎರಡು ಕಂಬಗಳ ಮೇಲೆ ಅಡ್ಡ ಬಿದ್ದರೆ ಸಾವಿರಾರು ಆಂಪಿಯರ್ ಹರಿದು ಕಬ್ಬಿಣವೇ ಕೆಂಪಗಾಗುತ್ತದೆ. ಉಂಗುರ, ಕಡಗ, ಸ್ಟೀಲಿನ ವಾಚು ಬಿಚ್ಚಿಟ್ಟು ಕೆಲಸಕ್ಕಿಳಿಯಬೇಕು, ಹಿಡಿಗೆ ಇನ್ಸುಲೇಷನ್ ಇರುವ ಸ್ಪ್ಯಾನರನ್ನೇ ಹಿಡಿಯಬೇಕು. ಆಮ್ಲ ಚೆಲ್ಲಿದ ಕಡೆ ಅಡುಗೆ ಸೋಡಾ ಕರಗಿಸಿದ ನೀರು ಸುರಿದು ನೊರೆ ನಿಲ್ಲುವವರೆಗೆ ತೊಳೆಯಬಹುದು. ಕಣ್ಣಿಗೆ ಹಾರಿದರೆ ಸೋಡಾ ಗೀಡಾ ಬೇಡ. ಧಾರಾಳ ಶುದ್ಧ ನೀರಿನಲ್ಲಿ ತೊಳೆಯುತ್ತಲೇ ಇರಬೇಕು, ಹಾಗೆಯೇ ಡಾಕ್ಟರ ಹತ್ತಿರ ಹೋಗಬೇಕು.

ಇಷ್ಟೆಲ್ಲ ಉಪದ್ವ್ಯಾಪ ಬೇಡವೆಂದು ಗೋಡೌನುಗಳು ಈಗ ಲಿಥಿಯಂ ಕಡೆ ತಿರುಗುತ್ತಿವೆ. ಫೋರ್ಕ್‌ಲಿಫ್ಟಿಗೆ ಹೆಚ್ಚಾಗಿ ಬರುವುದು ಲಿಥಿಯಂ ಐರನ್ ಫಾಸ್ಫೇಟ್ ಬಗೆ. 1997ರಲ್ಲಿ ಅದನ್ನು ಜಗತ್ತಿನ ಮುಂದಿಟ್ಟ ಪ್ರಬಂಧದಲ್ಲಿ ಜಾನ್ ಗುಡ್ಇನಫ್ ಅವರ ಜೊತೆ ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ ಎಂಬ ಹೆಸರುಗಳಿವೆ. ಇದರ ಸೆಲ್ಲು 3.2 ವೋಲ್ಟು, ಹದಿನಾರು ಸೇರಿದರೆ 51.2, ಸೀಸದ 48ರ ಜಾಗಕ್ಕೆ ಸರಿಯಾಗಿ ಕೂರುತ್ತದೆ. ನೀರು ಕೇಳುವುದಿಲ್ಲ, ಮಾಮೂಲಿ ಚಾರ್ಜಿನಲ್ಲಿ ಗುಳ್ಳೆ ಬಿಡುವುದಿಲ್ಲ, ಕದಡುವ ಪ್ರಶ್ನೆಯೇ ಇಲ್ಲ. ಊಟದ ಬಿಡುವಿನಲ್ಲಿ ಧಾರಾಳವಾಗಿ ಚುಚ್ಚಬಹುದು. ಪ್ರತಿ ಸೆಲ್ಲಿನ ವೋಲ್ಟೇಜು ಕಾಯುವ ಕೆಲಸ ಒಳಗಿನ ಸರ್ಕ್ಯೂಟಿನದು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜು ಮಾಡಿದರೆ ಲಿಥಿಯಂ ಲೋಹವಾಗಿ ಮೆತ್ತಿಕೊಂಡು ಸೆಲ್ಲು ಹಾಳಾಗುತ್ತದೆ. ಮೀನು, ಐಸ್‌ಕ್ರೀಮಿನ ಕೋಲ್ಡ್ ಸ್ಟೋರೇಜುಗಳನ್ನು ಬಿಟ್ಟರೆ ನಮ್ಮಲ್ಲಿ ಅದು ದೊಡ್ಡ ಚಿಂತೆಯಲ್ಲ.

ಒಂದು ತಮಾಷೆಯ ತೊಂದರೆ ಇದೆ. ಕಾರಿನಲ್ಲಿ ಬ್ಯಾಟರಿ ಹಗುರವಾದಷ್ಟೂ ಲಾಭ, ಫೋರ್ಕ್‌ಲಿಫ್ಟಿನಲ್ಲಿ ಹಾಗಲ್ಲ. ಮುಂದೆ ಎರಡು ಟನ್ ಎತ್ತಿದಾಗ ಹಿಂದಿನ ಚಕ್ರ ಏಳದಂತೆ ಹಿಡಿದಿಡುವುದರಲ್ಲಿ ಮುಕ್ಕಾಲು ಟನ್ನಿನಷ್ಟು ತೂಗುವ ಸೀಸದ ಬ್ಯಾಟರಿಯ ಪಾಲೂ ಇದೆ. ಲಿಥಿಯಂ ಹಾಕಿದ ಮೇಲೆ ಕಡಿಮೆಯಾದ ತೂಕವನ್ನು ಉಕ್ಕಿನ ದಪ್ಪ ತಗಡು ಇಟ್ಟು ಸರಿತೂಗಿಸುತ್ತಾರೆ. ಗಾಡಿಯ ಪ್ಲೇಟಿನ ಮೇಲೆ ಬ್ಯಾಟರಿಯ ಕನಿಷ್ಠ ತೂಕ ಬರೆದಿರುವುದು ಇದಕ್ಕೇ. ಅದನ್ನು ಓದದೆ ಬ್ಯಾಟರಿ ಬದಲಿಸಿದ ಗಾಡಿ ಭಾರ ಎತ್ತಿದಾಗ ಮುಗ್ಗರಿಸಬಹುದು.

ಲೆಕ್ಕ ಹಾಕುವಾಗ ಮರೆತುಹೋಗುವುದು ಇನ್ನೊಂದು. ನಮ್ಮ ಬ್ಯಾಟರಿಯಲ್ಲಿ ಹಿಡಿಯುವುದು 24 ಯೂನಿಟ್. ದಿನಕ್ಕೆ 19ರಷ್ಟು ಖರ್ಚು. ಸೀಸದ್ದು ಎಂಟು ಗಂಟೆ ಹಿಡಿದು, ಹೆಚ್ಚೆಂದರೆ ನಾಲ್ಕೈದು ಕಿಲೋವಾಟಿನಲ್ಲಿ, ಅದೂ ರಾತ್ರಿ, ಚಾರ್ಜಾಗುತ್ತದೆ. ಹಾಕಿದ ಹತ್ತು ಯೂನಿಟ್ಟಿನಲ್ಲಿ ಏಳೋ ಏಳೂವರೆಯೋ ವಾಪಸ್ ಸಿಗುತ್ತದೆ. ಲಿಥಿಯಂನಲ್ಲಿ ಒಂಬತ್ತಕ್ಕೂ ಹೆಚ್ಚು ಸಿಗುತ್ತದೆ, ಉಳಿತಾಯ ಖಂಡಿತ. ಆದರೆ ಒಂದೇ ಗಂಟೆಯಲ್ಲಿ ತುಂಬಬೇಕೆಂದರೆ ಒಂದು ಗಾಡಿಗೆ 20 ಕಿಲೋವಾಟ್ ಬೇಕು. ಮಧ್ಯಾಹ್ನ ಒಂದೂವರೆಗೆ ಹತ್ತು ಡ್ರೈವರುಗಳು ಒಟ್ಟಿಗೆ ಪ್ಲಗ್ ಚುಚ್ಚಿ ಊಟಕ್ಕೆ ಹೋದರೆ 200 ಕಿಲೋವಾಟ್. ಮಂಜೂರಾದ ಲೋಡು 150 ಇರುವ ಗೋಡೌನಿಗೆ ಬೆಸ್ಕಾಂ ಬಿಲ್ಲಿನಲ್ಲಿ ಅದರ ಪರಿಣಾಮ ತಿಂಗಳ ಕೊನೆಗೆ ಕಾಣುತ್ತದೆ. ಹಾಗಾಗಿ ಲಿಥಿಯಂ ಕೊಳ್ಳುವವರು ಬ್ಯಾಟರಿ ಮಾರುವವನ ಜೊತೆ ಮಾತಾಡುವಷ್ಟೇ ಹೊತ್ತು ತಮ್ಮ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಜೊತೆಗೂ ಕೂರುವುದು ಒಳ್ಳೆಯದು. ದಿನಕ್ಕೆ ಒಂದೇ ಪಾಳಿ ಓಡುವ, ರಾತ್ರಿಯಿಡೀ ಬಿಡುವಿರುವ ಗಾಡಿಗಾದರೆ ಸೀಸದ ಬ್ಯಾಟರಿಯೂ ವಾರಕ್ಕೊಂದು ಕ್ಯಾನು ಡಿಸ್ಟಿಲ್ಡ್ ವಾಟರೂ ಈಗಲೂ ಅಗ್ಗಕ್ಕೆ ಬೀಳುತ್ತವೆ.